ಛಿದ್ರಮನಸ್ಕತೆಯ ಕಾರಣವಿಚಾರ: ವಂಶ ಮತ್ತು ಬಾಲ್ಯ

ರೋಗವೊಂದರ ಕಾರಣವನ್ನು ಕುರಿತ ಸಿದ್ಧಾಂತವು ವಿದ್ವಾಂಸರ ಗ್ರಂಥಗಳಲ್ಲಿಯೇ ಉಳಿಯುವುದಿಲ್ಲ. ಶಾಸನವಾಗಿಯೋ ಲೋಕಾಪವಾದವಾಗಿಯೋ ರೋಗಿಯ ಮನೆಯನ್ನು ಹೊಗುತ್ತದೆ. 1908ರಲ್ಲಿ ಸ್ವಿಟ್ಜರ್ಲೆಂಡಿನ ಆಯ್ಗನ್ ಬ್ಲಾಯ್ಲರ್ ಅವರು ಸ್ಕಿಜೋಫ್ರೀನಿಯ ಎಂದು ಹೆಸರಿಸಿದ ಛಿದ್ರಮನಸ್ಕತೆಯ ಇತಿಹಾಸವೇ ಇದಕ್ಕೆ ನಿದರ್ಶನ.

1916ರಲ್ಲಿ ಜರ್ಮನಿಯ ಅರ್ನ್ಸ್ಟ್ ರೂಡಿನ್ ಅವರು ರೋಗಿಗಳ ಒಡಹುಟ್ಟಿದವರನ್ನು ಪರಿಶೀಲಿಸಿ ಗ್ರಂಥವೊಂದನ್ನು ಪ್ರಕಟಿಸಿದರು. ಅದರಲ್ಲಿ ಕಂಡುಬಂದ ಪ್ರಮಾಣಗಳು ಮೆಂಡೆಲನ ಸರಳ ನಿಯಮಕ್ಕೆ ಹೊಂದಲಿಲ್ಲ. ಆದರೂ 1933ರ ಬಲಾತ್ಕಾರದ ಸಂತಾನಹರಣ ಶಾಸನಕ್ಕೆ ಅಧಿಕೃತ ವ್ಯಾಖ್ಯಾನ ಬರೆದವರಲ್ಲಿ ಅವರೂ ಒಬ್ಬರಾದರು. ಆ ಶಾಸನಕ್ಕೆ ಸುಮಾರು 4 ಲಕ್ಷ ಜನರು ಬಲಿಯಾದರು. ಅವರಲ್ಲಿ ಛಿದ್ರಮನಸ್ಕರೂ ಬಹುಮಂದಿ ಇದ್ದರು.

ಯುದ್ಧಾನಂತರ ಅಮೆರಿಕದಲ್ಲಿ ದೋಷಾರೋಪಣೆಯು ವಂಶವನ್ನು ಬಿಟ್ಟು ತಾಯಿಯ ಮೇಲೆ ಬಿದ್ದಿತು. ಫ್ರೀಡಾ ಫ್ರಾಮ್-ರೈಖ್ಮನ್ ಅವರ 1948ರ ಲೇಖನದಿಂದ, ಮಗುವಿನ ರೋಗಕ್ಕೆ ತಾಯಿಯ ನಡವಳಿಕೆಯೇ ಮೂಲವೆಂಬ ಕಲ್ಪನೆಯು ಪ್ರಚಾರಕ್ಕೆ ಬಂದಿತು. ರೋಗಿಯ ಶುಶ್ರೂಷೆಯಿಂದ ಬಳಲಿದ ತಾಯಂದಿರು ಅಪರಾಧಿಗಳೆಂಬ ನಿಂದೆಯನ್ನೂ ಹೊರಬೇಕಾಯಿತು.

ಈ ಕಲ್ಪನೆಯನ್ನು ಅಲುಗಾಡಿಸಿದುದು 1966ರಲ್ಲಿ ಪ್ರಕಟವಾದ ಲೆನರ್ಡ್ ಹೆಸ್ಟನ್ ಅವರ ಅಧ್ಯಯನ. ಅಮೆರಿಕದ ಆರಿಗಾನಿನಲ್ಲಿ, ರೋಗಗ್ರಸ್ತ ತಾಯಂದಿರಿಂದ ಜನನವಾದ ಕೆಲವೇ ದಿನಗಳಲ್ಲಿ ಬೇರ್ಪಟ್ಟು ಬೆಳೆದ 47 ಮಂದಿಯಲ್ಲಿ 5 ಮಂದಿಗೆ ಈ ರೋಗವು ತಲೆದೋರಿತ್ತು. ಹಾಗೆಯೇ ಬೇರ್ಪಟ್ಟ, ಆದರೆ ರೋಗವಿಲ್ಲದ ತಾಯಂದಿರ 50 ಮಕ್ಕಳಲ್ಲಿ ಒಬ್ಬರಿಗೂ ಬಂದಿರಲಿಲ್ಲ. ವಂಶದ ಪಾತ್ರವು ಇದರಿಂದ ಸ್ಪಷ್ಟವಾಯಿತು. ಆದರೆ ಉಳಿದ 42 ಮಂದಿಯ ವಿಷಯವೇನು? ತದ್ರೂಪಿ ಅವಳಿಗಳಲ್ಲಿಯೂ ಒಬ್ಬರಿಗೆ ರೋಗವಿದ್ದು ಮತ್ತೊಬ್ಬರು ಪಾರಾಗುವುದುಂಟು. ಆದ್ದರಿಂದ ವಂಶವೊಂದೇ ಸಾಲದು.

ಫಿನ್ಲೆಂಡಿನ ಪೆಕ್ಕಾ ಟಿಯೆನಾರಿ ಮತ್ತು ಸಂಗಡಿಗರು ದತ್ತುಮಕ್ಕಳನ್ನು ದೀರ್ಘಕಾಲ ಅನುಸರಿಸಿ 2004ರಲ್ಲಿ ಪ್ರಕಟಿಸಿದ ಫಲಿತಾಂಶವು ಇಲ್ಲಿ ಗಮನಾರ್ಹವಾಗಿದೆ. ರೋಗಿಷ್ಠ ತಾಯಂದಿರ ಮಕ್ಕಳಲ್ಲಿ, ಕಲಹ ಮತ್ತು ಅವ್ಯವಸ್ಥೆಗಳಿದ್ದ ಮನೆಯಲ್ಲಿ ಬೆಳೆದವರಿಗೆ ಈ ವರ್ಗದ ರೋಗಗಳು ಹೆಚ್ಚಾಗಿಯೂ, ನೆಮ್ಮದಿಯ ಮನೆಯಲ್ಲಿ ಬೆಳೆದವರಿಗೆ ಕಡಿಮೆಯಾಗಿಯೂ ಬಂದವು. ವಂಶದ ಅಪಾಯವಿಲ್ಲದ ಮಕ್ಕಳಲ್ಲಿ ಮನೆಯ ಸ್ಥಿತಿಯು ಅಷ್ಟು ಅಂತರವನ್ನು ಉಂಟುಮಾಡಲಿಲ್ಲ. ಅಂದರೆ ವಂಶವು ಬಾಲ್ಯದ ಒತ್ತಡಕ್ಕೆ ಮನಸ್ಸು ಎಷ್ಟು ಈಡಾಗುವುದೆಂಬುದನ್ನು ಬದಲಿಸುತ್ತದೆಯೆಂದು ತೋರುತ್ತದೆ.

2022ರ ಬೃಹತ್ ಅಧ್ಯಯನವೊಂದು ವಂಶವಾಹಿಗಳ ರಾಶಿಯಲ್ಲಿ ಈ ರೋಗಕ್ಕೆ ಸಂಬಂಧಿಸಿದ 287 ನೆಲೆಗಳನ್ನು ಗುರುತಿಸಿದೆ; ಒಂದೊಂದರ ಪ್ರಭಾವವೂ ಅತ್ಯಲ್ಪ. ಇಂತಹ ಅಲ್ಪ ಪ್ರಭಾವಗಳ ಮೊತ್ತದ ಮೇಲೆ ಬಾಲ್ಯದ ಅನುಭವವು ಕೂಡುತ್ತದೆಯೆಂದಾಗ, ಒಂದು ಕುಲವನ್ನಾಗಲಿ ಒಬ್ಬ ತಾಯಿಯನ್ನಾಗಲಿ ದೂಷಿಸಲು ಶಾಸ್ತ್ರದಲ್ಲಿ ಆಧಾರವಿಲ್ಲ. ಕುಲವನ್ನು ಬದಲಿಸಲಾಗದು, ಮಕ್ಕಳು ಬೆಳೆಯುವ ಮನೆಯ ನೆಮ್ಮದಿಗೆ ಸಮಾಜವು ನೆರವಾಗಬಹುದು. ಈ ವಿಷಯವನ್ನು ಬೋಧಿಸುವಾಗ ನಾವು ಸಿದ್ಧಾಂತಗಳೊಡನೆ ಅವುಗಳಿಂದ ನೊಂದವರ ಇತಿಹಾಸವನ್ನೂ ವಿದ್ಯಾರ್ಥಿಗಳ ಮುಂದಿಡುವುದು ಉಚಿತ.