ಕಾರಿನ ತೆರಿಗೆ: ಅಶ್ವಶಕ್ತಿಯಿಂದ ಹೊಗೆಯವರೆಗೆ

ಕಾರಿಗೆ ತೆರಿಗೆ ಹಾಕುವಾಗ ಅಳೆಯಬೇಕಾದುದು ಯಾವುದನ್ನು? ಬೆಲೆಯನ್ನೇ, ಎಂಜಿನ್ನಿನ ಗಾತ್ರವನ್ನೇ ಅಥವಾ ಅದು ಉಗುಳುವ ಹೊಗೆಯನ್ನೇ? ನೂರು ವರ್ಷಗಳ ಅವಧಿಯಲ್ಲಿ ಬ್ರಿಟನ್ ಈ ಪ್ರಶ್ನೆಗೆ ಹಲವು ಬಾರಿ ಉತ್ತರ ಬದಲಿಸಿತು. ಸರ್ಕಾರ ಉತ್ತರ ಬದಲಿಸಿದಾಗಲೆಲ್ಲ ಕಾರುಗಳೂ ತಮ್ಮ ರೂಪ ಬದಲಿಸಿದವು. ವಿದ್ಯಾರ್ಥಿ ಮಿತ್ರರೇ, ನಾವು ಗಮನಿಸಬೇಕಾದದ್ದು ಈ ಎರಡನೆಯ ಮಾತನ್ನು.

1909ರಲ್ಲಿ ಹಣಕಾಸು ಸಚಿವರಾಗಿದ್ದ ಲಾಯ್ಡ್ ಜಾರ್ಜ್ ತಮ್ಮ ಪ್ರಸಿದ್ಧ ಬಜೆಟ್‌ನಲ್ಲಿ ಪೆಟ್ರೋಲಿನ ಮೇಲೆ ಗ್ಯಾಲನ್‌ಗೆ 3 ಪೆನ್ನಿ ಸುಂಕ ಹಾಕಿದರು. ಜೊತೆಗೆ ಕಾರಿನ ಅಶ್ವಶಕ್ತಿಗೆ ತಕ್ಕಂತೆ ಏರುವ ತೆರಿಗೆಯನ್ನೂ ತಂದರು. ಈ ಹಣ ರಸ್ತೆಗಳಿಗೇ ಮೀಸಲು ಎಂಬುದು ಆಗಿನ ಮಾತು. (ಮುಂದೆ ಅದೇ ಸ್ಥಾನಕ್ಕೆ ಬಂದ ಚರ್ಚಿಲ್ ರಸ್ತೆ ನಿಧಿಗೆ ಕೈ ಹಾಕಿದರು. ಮೀಸಲು ಹಣದ ಹಣೆಬರಹ ಬಹುಶಃ ಎಲ್ಲ ದೇಶಗಳಲ್ಲೂ ಇಷ್ಟೇ.) 1921ರಿಂದ ಲೆಕ್ಕ ಸರಳವಾಯಿತು: ಒಂದು ಅಶ್ವಶಕ್ತಿಗೆ ವರ್ಷಕ್ಕೆ ಒಂದು ಪೌಂಡ್. ಕಟ್ಟಿದ್ದಕ್ಕೆ ಗುರುತಾಗಿ ಕಾರಿನ ಗಾಜಿಗೆ ಅಂಟಿಸುವ ದುಂಡನೆಯ ಕಾಗದದ ಬಿಲ್ಲೆಯೂ ಆಗಲೇ ಬಂತು.

ಆದರೆ ಈ ಅಶ್ವಶಕ್ತಿಯನ್ನು ಯಾರೂ ಯಂತ್ರ ಓಡಿಸಿ ಅಳೆಯುತ್ತಿರಲಿಲ್ಲ. ಸಿಲಿಂಡರಿನ ವ್ಯಾಸವನ್ನು ಅಂಗುಲಗಳಲ್ಲಿ ಹಿಡಿದು ವರ್ಗ ಮಾಡಿ, ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ, 2.5ರಿಂದ ಭಾಗಿಸಿದರೆ ಆಯಿತು. ಕೊಂತ, ಅಂದರೆ ಪಿಸ್ಟನ್, ಎಷ್ಟು ದೂರ ಚಲಿಸುತ್ತದೆ ಎಂಬುದು ಲೆಕ್ಕದಲ್ಲೇ ಇಲ್ಲ! ಎಂಜಿನಿಯರುಗಳು ಇಂಥ ಸಂದನ್ನು ಬಿಡುತ್ತಾರೆಯೇ? ಸಿಲಿಂಡರನ್ನು ಸಪೂರ ಮಾಡಿದರು, ಉದ್ದ ಹೆಚ್ಚಿಸಿದರು. ಶಕ್ತಿ ಬಂತು, ತೆರಿಗೆ ಏರಲಿಲ್ಲ. 1920ರ ದಶಕದ ಆಲ್ವಿಸ್ ಕಂಪನಿಯ ಕಾರೊಂದರ ಹೆಸರೇ ‘12/50’. 12 ತೆರಿಗೆಯವರಿಗೆ ಹೇಳುವ ಅಶ್ವಶಕ್ತಿ, 50 ಕೊಳ್ಳುವವರಿಗೆ ಹೇಳುವುದು. ಅಗಲ ಸಿಲಿಂಡರಿನ ಅಮೆರಿಕನ್ ಫೋರ್ಡ್ ‘ಮಾಡೆಲ್ ಟಿ’ ಈ ಲೆಕ್ಕದಲ್ಲಿ 22ನ್ನು ದಾಟಿ ದುಬಾರಿಯಾಯಿತು. 1922ರಲ್ಲಿ ಬಂದ ಪುಟ್ಟ ಆಸ್ಟಿನ್ ಸೆವೆನ್ ಸುಮಾರು 7ರಲ್ಲೇ ಉಳಿದು ಮನೆಮಾತಾಯಿತು. ಹೊರದೇಶಗಳಿಗೆ ಇಂಥ ಸಪೂರ ಎಂಜಿನ್ನುಗಳು ಅಷ್ಟಾಗಿ ಒಗ್ಗಲಿಲ್ಲ. ಯುದ್ಧಾನಂತರ ರಫ್ತು ಅನಿವಾರ್ಯವಾದಾಗ, 1948ರಲ್ಲಿ, ಹೊಸ ಕಾರುಗಳಿಗೆಲ್ಲ ಒಂದೇ ದರ ಎಂದು 10 ಪೌಂಡ್ ಗೊತ್ತುಮಾಡಲಾಯಿತು.

ಇದು ಅಲ್ಲಿಯ ಕಥೆ ಮಾತ್ರ ಎಂದುಕೊಳ್ಳಬೇಡಿ. 2006ರಲ್ಲಿ ನಮ್ಮ ಕೇಂದ್ರ ಸರ್ಕಾರ 4 ಮೀಟರಿಗಿಂತ ಉದ್ದವಿಲ್ಲದ, ಸಣ್ಣ ಎಂಜಿನ್ನಿನ ಕಾರಿಗೆ ಅಬಕಾರಿ ಸುಂಕ ಇಳಿಸಿತು. ಬೆನ್ನು ಕತ್ತರಿಸಿದಂತೆ ಕಾಣುವ ಕಾರುಗಳು ನಮ್ಮ ಬೀದಿಗಳಲ್ಲಿ ಏಕೆ ತುಂಬಿವೆ ಎಂಬುದಕ್ಕೆ ಉತ್ತರ ಅಲ್ಲಿದೆ.

1997ರ ಕ್ಯೋಟೋ ಒಪ್ಪಂದದ ನಂತರ ಪ್ರಶ್ನೆಯ ಸ್ವರೂಪವೇ ಬೇರೆಯಾಯಿತು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಒಂದು ಕಿಲೋಗ್ರಾಂ ಕೂಡ ತೂಗದ ಪೆಟ್ರೋಲಿನಿಂದ ಅಷ್ಟು ಅನಿಲವೇ ಎಂದು ಕೇಳಬಹುದು. ಇಂಗಾಲಕ್ಕೆ ಗಾಳಿಯ ಆಮ್ಲಜನಕ ಸೇರಿಕೊಳ್ಳುವುದರಿಂದ ತೂಕ ಹೆಚ್ಚುತ್ತದೆ. 2001ರ ಮಾರ್ಚ್ 1ರಿಂದ ಬ್ರಿಟನ್ನಿನಲ್ಲಿ ನೋಂದಣಿಯಾದ ಹೊಸ ಕಾರುಗಳ ವಾರ್ಷಿಕ ತೆರಿಗೆಯನ್ನು ಕಿಲೋಮೀಟರಿಗೆ ಎಷ್ಟು ಗ್ರಾಂ ಇಂಗಾಲದ ಡೈಆಕ್ಸೈಡ್ ಎಂಬುದರ ಮೇಲೆ ಕಟ್ಟಲಾಯಿತು. ಮುಂದೆ 100 ಗ್ರಾಂ ಮೀರದ ಕಾರಿಗೆ ತೆರಿಗೆಯೇ ಇಲ್ಲ ಎಂದಾಯಿತು. 2008ರಲ್ಲಿ ಐರ್ಲೆಂಡ್ ಕೂಡ ಇದೇ ದಾರಿ ಹಿಡಿಯಿತು.

ಫಲ ಬಂತೇ? ಬಂತು, ಕಾಗದದ ಮೇಲಂತೂ. ಹೊಸ ಕಾರುಗಳ ಸರಾಸರಿ 2001ರಲ್ಲಿ ಸುಮಾರು 178 ಗ್ರಾಂ ಇದ್ದದ್ದು 2016ಕ್ಕೆ ಸುಮಾರು 120 ಗ್ರಾಂಗೆ ಇಳಿಯಿತು. ಆದರೆ ಅಳತೆ ನಡೆದದ್ದು ಪ್ರಯೋಗಾಲಯದಲ್ಲಿ. ರಸ್ತೆಯ ಮೇಲಿನ ಇಳಿಕೆ ಅಷ್ಟಿರಲಿಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಬೇರೆಡೆ ಬಿತ್ತು. ಡೀಸೆಲ್ ಕಾರು ಒಂದು ಲೀಟರಿನಲ್ಲಿ ಹೆಚ್ಚು ದೂರ ಓಡುತ್ತದೆ, ಹಾಗಾಗಿ ಕಿಲೋಮೀಟರಿನ ಲೆಕ್ಕದಲ್ಲಿ ಅದರ ಇಂಗಾಲ ಕಡಿಮೆ. 2000ದಲ್ಲಿ ಹೊಸ ಕಾರುಗಳಲ್ಲಿ ಏಳಕ್ಕೊಂದರಷ್ಟಿದ್ದ ಡೀಸೆಲ್ ಹತ್ತು ಹನ್ನೆರಡು ವರ್ಷಗಳಲ್ಲಿ ಅರ್ಧಕ್ಕೆ ಏರಿತು. ಅದರ ನೈಟ್ರೋಜನ್ ಆಕ್ಸೈಡ್‌ಗಳೂ ಮಸಿಯ ಕಣಗಳೂ ನಗರವಾಸಿಗಳ ಶ್ವಾಸಕೋಶ ಸೇರಿದವು. ಫೋಕ್ಸ್‌ವ್ಯಾಗನ್ ಕಂಪನಿ ಪರೀಕ್ಷೆಯ ವೇಳೆ ಮಾತ್ರ ಈ ಆಕ್ಸೈಡ್‌ಗಳನ್ನು ತಗ್ಗಿಸುವ ತಂತ್ರಾಂಶವನ್ನು ಅಳವಡಿಸಿತ್ತೆಂದು 2015ರಲ್ಲಿ ಅಮೆರಿಕದಲ್ಲಿ ಬಯಲಾಯಿತು. ತೆರಿಗೆ ಒಂದು ಅನಿಲವನ್ನಷ್ಟೇ ತೂಗಿದ್ದರಿಂದ ಮಿಕ್ಕವು ಅದರ ಕಣ್ಣಿಗೆ ಬಿದ್ದಿರಲಿಲ್ಲ.

ನ್ಯಾಯದ ಮಾತೂ ಎದ್ದಿತು. 2008ರಲ್ಲಿ, ಆಗಲೇ ಕೊಂಡಿದ್ದ ಹಳೆಯ ಕಾರುಗಳ ದರವನ್ನೂ ಏರಿಸಲು ಹೊರಟ ಸರ್ಕಾರ ವಿರೋಧಕ್ಕೆ ಮಣಿದು ಅದೇ ವರ್ಷ ಹಿಂದೆಗೆಯಿತು. ಹಳೆಯ ಕಾರು ಇರುವುದು ಸಾಮಾನ್ಯವಾಗಿ ಕಡಿಮೆ ವರಮಾನದವರ ಮನೆಯಲ್ಲಿ. ನನಗೆ ಈ ವಿರೋಧ ಸರಿಯೆಂದೇ ತೋರುತ್ತದೆ. ಕೊಳ್ಳುವ ಮುನ್ನ ಹಾಕಿದ ತೆರಿಗೆ ಆಯ್ಕೆಯನ್ನು ಬದಲಿಸುತ್ತದೆ. ಕೊಂಡ ಮೇಲೆ ಹಾಕಿದ್ದು ಬರೀ ದಂಡ. ಇನ್ನು, ವಾರ್ಷಿಕ ತೆರಿಗೆಗೆ ಕಾರು ಕೊಟ್ಟಿಗೆಯಲ್ಲಿ ನಿಂತಿದ್ದರೂ ಒಂದೇ, ದಿನಕ್ಕೆ ನೂರು ಮೈಲಿ ಓಡಿದರೂ ಒಂದೇ. ಓಡಿದಷ್ಟಕ್ಕೆ ಸುಂಕ ಕೀಳುವ ಕೆಲಸವನ್ನು ಲಾಯ್ಡ್ ಜಾರ್ಜರ ಕಾಲದಿಂದಲೂ ಪೆಟ್ರೋಲ್ ಸುಂಕವೇ ಹೆಚ್ಚು ನಿಖರವಾಗಿ ಮಾಡುತ್ತಿತ್ತು.

2017ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಇಂಗಾಲದ ಲೆಕ್ಕ ಮೊದಲ ವರ್ಷಕ್ಕೆ ಮಾತ್ರ ಸೀಮಿತವಾಯಿತು. ನಂತರ ಬಹುತೇಕ ಎಲ್ಲಕ್ಕೂ ಒಂದೇ ದರ. ತೆರಿಗೆ ಕೊಡಬೇಕಿಲ್ಲದ ಕಾರುಗಳು ಹೆಚ್ಚಿ ಬೊಕ್ಕಸ ಸೊರಗಿದ್ದೇ ಇದಕ್ಕೆ ಮುಖ್ಯ ಕಾರಣ. ಹೊಗೆಯನ್ನೇ ಬಿಡದ ವಿದ್ಯುತ್ ಕಾರುಗಳೂ 2025ರ ಏಪ್ರಿಲ್‌ನಿಂದ ವಾರ್ಷಿಕ ತೆರಿಗೆ ಕೊಡಬೇಕಾಯಿತು. ಅದೇ ವರ್ಷದ ನವೆಂಬರ್ ಬಜೆಟ್‌ನಲ್ಲಿ, 2028ರಿಂದ ಅವು ಓಡಿದ ಪ್ರತಿ ಮೈಲಿಗೂ 3 ಪೆನ್ನಿ ವಸೂಲು ಮಾಡುವ ಯೋಜನೆ ಪ್ರಕಟವಾಯಿತು. ಸಿಲಿಂಡರಿನ ವ್ಯಾಸವಾಯಿತು, ಹೊಗೆಯಾಯಿತು, ಇನ್ನು ಅಳತೆಗೆ ಸಿಗುವುದು ದೂರ.