ಕಡಲ ಸ್ಪಂಜೂ ಕೆರೆಯ ಸ್ಪಂಜೂ

ಬೆಂಗಳೂರಿನ ದಂಡುಪ್ರದೇಶಕ್ಕೆ ಕಡಲು ಬಹುದೂರ. ಅಲೆ ಬಡಿಯುವ ಬಂಡೆಗಳಿಗೆ ಅಂಟಿಕೊಂಡು ಬಾಳುವ ಸ್ಪಂಜಿನ ವಿಚಾರವು ಹಲಸೂರು, ಶಿವಾಜಿನಗರಗಳ ಗೃಹಸ್ಥರಿಗೆ ಪರದೇಶದ ವಾರ್ತೆಯಂತೆ ತೋರುವುದು ಸಹಜವೇ ಸರಿ. ಆದರೆ ಆ ಸ್ಪಂಜಿನ ದಾಯಾದಿಗಳು ಭಾರತದ ಕೆರೆಕುಂಟೆಗಳಲ್ಲಿಯೇ ನೆಲಸಿರುವುವು. ಆದುದರಿಂದ ಅವುಗಳ ಚರಿತ್ರೆಗೂ ಕೆರೆಗಳ ಚರಿತ್ರೆಗೂ ನಂಟುಂಟು.

ಯೂರೋಪಿನ ಪಶ್ಚಿಮ ತೀರದಲ್ಲಿ, ಉಬ್ಬರಕ್ಕೆ ಮುಳುಗಿ ಇಳಿತಕ್ಕೆ ಬಯಲಾಗುವ ಬಂಡೆಗಳ ಮೇಲೆ, ಹಸುರು ಅಥವಾ ಹಳದಿ ಬಣ್ಣದ ಒಂದು ಸ್ಪಂಜು ಹಬ್ಬಿಕೊಂಡಿರುವುದು. ಮುಟ್ಟಿದರೆ ರೊಟ್ಟಿಯ ಪುಡಿಯಂತೆ ಉದುರುವುದರಿಂದ ಅದಕ್ಕೆ ರೊಟ್ಟಿಪುಡಿಯ ಸ್ಪಂಜೆಂದೇ ಹೆಸರು. ಪಲ್ಲಾಸನೆಂಬ ಪಂಡಿತನು 1766ರಲ್ಲಿ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದನು. ಕೈಕಾಲಿಲ್ಲ, ಬಾಯಿಲ್ಲ, ಚಲನೆಯಿಲ್ಲ. ಇಂಥದು ಸಸ್ಯವೋ ಪ್ರಾಣಿಯೋ ಎಂಬ ವಿವಾದವು ಪ್ರಾಚೀನ ಗ್ರೀಸಿನ ಅರಿಸ್ಟಾಟಲನ ಕಾಲದಿಂದಲೂ ನಡೆದುಬಂದಿತ್ತು. 1765ರಲ್ಲಿ ಜಾನ್ ಎಲ್ಲಿಸನು ಸ್ಪಂಜುಗಳು ನೀರನ್ನು ಸೆಳೆದು ಹೊರಬಿಡುವುದನ್ನು ಕಂಡು, ಅವು ಪ್ರಾಣಿಗಳೇ ಎಂದು ವಾದಿಸಿದನು. 1825ರ ಸುಮಾರಿಗೆ ಎಡಿನ್‌ಬರೋ ನಗರದ ರಾಬರ್ಟ್ ಗ್ರಾಂಟನು ಗಡಿಯಾರದ ಗಾಜಿನಲ್ಲಿ ಕಡಲನೀರು ತುಂಬಿ, ಅದರಲ್ಲಿ ಜೀವಂತ ಸ್ಪಂಜಿನ ತುಣುಕನ್ನಿಟ್ಟು ಸೂಕ್ಷ್ಮದರ್ಶಕದಿಂದ ನೋಡಿದನು. ದೊಡ್ಡ ರಂಧ್ರದಿಂದ ನೀರು ಬುಗ್ಗೆಯಂತೆ ಎಡೆಬಿಡದೆ ಹೊರಹೊಮ್ಮುತ್ತಿತ್ತು! ಸಣ್ಣ ರಂಧ್ರಗಳಿಂದ ಒಳಹೊಕ್ಕ ನೀರಿನಲ್ಲಿರುವ ಸೂಕ್ಷ್ಮಕಣಗಳೇ ಸ್ಪಂಜಿನ ಆಹಾರವೆಂದು ಕ್ರಮೇಣ ತಿಳಿಯಬಂದಿತು.

ಭಾರತದಲ್ಲಿ ಈ ಶೋಧವನ್ನು ಮುಂದುವರಿಸಿದವನು ಕುಂಪಣಿ ಸರಕಾರದ ವೈದ್ಯನಾಗಿದ್ದ ಹೆನ್ರಿ ಜಾನ್ ಕಾರ್ಟರನು. ಮುಂಬಯಿಯ ಸಿಹಿನೀರಿನ ಸ್ಪಂಜುಗಳನ್ನು ಕುರಿತ ಅವನ ಲೇಖನವು 1849ರಲ್ಲಿ ಪ್ರಕಟವಾಯಿತು. ಅವುಗಳಲ್ಲೊಂದು ಜಾತಿಗೆ 1863ರಲ್ಲಿ ಅವನ ಹೆಸರನ್ನೇ ಇಟ್ಟರು. ಮುಂದೆ 1911ರಲ್ಲಿ ನೆಲ್ಸನ್ ಅನಂಡೇಲನು ಇವುಗಳನ್ನೆಲ್ಲ ಒಂದು ಗ್ರಂಥದಲ್ಲಿ ಕ್ರೋಡೀಕರಿಸಿದನು. ಕೆರೆಯ ಸ್ಪಂಜು ಮುಳುಗಿದ ಕೊಂಬೆ, ಇಟ್ಟಿಗೆ, ಕಲ್ಲುಗಳನ್ನು ಆಶ್ರಯಿಸುವುದು. ಕಡಲ ಬಂಡೆಯ ಸ್ಪಂಜಿಗೆ ನೀರಿಲ್ಲದ ವೇಳೆ ಕೆಲವೇ ಗಳಿಗೆ; ಕೆರೆಯ ಸ್ಪಂಜಿಗಾದರೋ ಬೇಸಗೆಯ ತಿಂಗಳುಗಳೇ ಗಂಡಾಂತರ. ಅದಕ್ಕೆ ಪ್ರಕೃತಿಯು ಒಂದು ಉಪಾಯವನ್ನು ಕಲ್ಪಿಸಿದೆ. ದೇಹ ನಶಿಸುವ ಮುನ್ನ ಅದರೊಳಗೆ ಗಸಗಸೆಯಷ್ಟು ಸಣ್ಣ, ಗಟ್ಟಿ ಕವಚದ ಗುಳಿಗೆಗಳು ಮೂಡುವುವು. ಒಣಗಿದರೂ ಸಾಯದೆ ಕಾದಿದ್ದು, ಮರಳಿ ನೀರು ಬಂದಾಗ ಅವು ಮೊಳೆತು ಹೊಸ ಸ್ಪಂಜಾಗುವುವು.

ಆದರೆ ಆ ಗುಳಿಗೆಯ ತಾಳ್ಮೆಗೂ ಮಿತಿಯುಂಟು. 1809ರಲ್ಲಿ ದಂಡು ನೆಲಸಿದ ಮೇಲೆ ಅದರ ಸುತ್ತಣ ಕೆರೆಗಳು ಏನಾದುವೆಂಬುದನ್ನು ನೋಡಬೇಕು. ಕೆಂಪೇಗೌಡರ ವಂಶದವರ ಕಾಲದ್ದೆಂದು ಪ್ರತೀತಿಯಿರುವ ಹಲಸೂರು ಕೆರೆ ಇಂದಿಗೂ ಉಳಿದಿದೆ. ಶೂಲೆ ಕೆರೆಯಿದ್ದೆಡೆ ಕಾಲ್ಚೆಂಡಿನ ಕ್ರೀಡಾಂಗಣವಾಯಿತು. ಇಂದಿರಾನಗರದ ದಕ್ಷಿಣದ ಚಲ್ಲಘಟ್ಟ ಕೆರೆಯ ಅಂಗಳ ಗಾಲ್ಫ್ ಮೈದಾನವಾಯಿತು. ಇವುಗಳಲ್ಲಿ ಯಾವ ಯಾವ ಜೀವಿಗಳಿದ್ದುವೆಂದು ಲೆಕ್ಕವಿಟ್ಟವರು ಯಾರು? ಬತ್ತಿದ ಕೆರೆಗೆ ಮಳೆಯ ಆಸೆಯುಂಟು. ಮುಚ್ಚಿದ ಕೆರೆಗೆ ಯಾವ ಆಸೆಯೂ ಇಲ್ಲ. ಬೇಸಗೆಯನ್ನು ಗೆಲ್ಲಬಲ್ಲ ಜೀವವು ಮನುಷ್ಯನು ತಂದು ಸುರಿದ ಮಣ್ಣನ್ನು ಗೆಲ್ಲಲಾರದು.