ದುಡಿಮೆ ಇಲ್ಲಿ, ಒಡೆತನ ಅಲ್ಲಿ: ವಿಡಿಯೊ ಗೇಮ್ ಉದ್ಯಮ ಮತ್ತು ಹುಬ್ಬಳ್ಳಿ-ಧಾರವಾಡದ ಆಯ್ಕೆ

ಕರ್ನಾಟಕದ ವಿಡಿಯೊ ಗೇಮ್ ಉದ್ಯಮದ ಆರ್ಥಿಕ ಚರಿತ್ರೆ ಬರೆಯುವವರು ಧ್ರುವ ಇಂಟರಾಕ್ಟಿವ್‌ನಿಂದ ಆರಂಭಿಸಬೇಕಾಗುತ್ತದೆ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಈ ಸಂಸ್ಥೆ ದೇಶದ ಮೊದಲ ಗೇಮ್ ಸ್ಟುಡಿಯೊಗಳಲ್ಲೊಂದು. ಹೊರದೇಶದ ಕಂಪನಿಗಳ ಆಟಗಳಿಗೆ ಕಾರು, ಕಟ್ಟಡ, ಪಾತ್ರಗಳನ್ನು ರೂಪಿಸಿಕೊಡುವ ಗುತ್ತಿಗೆಯೇ ಅದರ ಮುಖ್ಯ ಬದುಕು. 2016ರ ಕೊನೆಯಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಸುಮಾರು 85 ಲಕ್ಷ ಡಾಲರ್‌ಗೆ ಅದರ ಬಹುಪಾಲು ಷೇರು ಕೊಳ್ಳುವುದಾಗಿ ಪ್ರಕಟಿಸಿತು. ಹಣಕಾಸಿನ ಮುಗ್ಗಟ್ಟಿಗೆ ಸಿಲುಕಿದ ಸ್ಟಾರ್‌ಬ್ರೀಜ್ 2019ರಲ್ಲಿ ಆ ಪಾಲನ್ನು ರಾಕ್‌ಸ್ಟಾರ್ ಗೇಮ್ಸ್‌ಗೆ 79 ಲಕ್ಷ ಡಾಲರ್‌ಗೆ ಮಾರಿತು. ಎರಡನೆಯದು ಕಷ್ಟಕಾಲದ ಮಾರಾಟ, ನಿಜ. ಮೊದಲನೆಯದು ಹಾಗಿರಲಿಲ್ಲ; ಆದರೂ ಬೆಲೆ ಹೆಚ್ಚುಕಡಿಮೆ ಅಷ್ಟೇ. ಎರಡು ದಶಕದ ನುರಿತ ದುಡಿಮೆಗೆ, ಮುನ್ನೂರಕ್ಕೂ ಹೆಚ್ಚು ಜನರ ಸಂಸ್ಥೆಗೆ ಮಾರುಕಟ್ಟೆ ಕಟ್ಟಿದ ಬೆಲೆ ಇದು.

ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಡೋಣ. 2023ರ ಅಕ್ಟೋಬರ್‌ನಲ್ಲಿ ಮೈಕ್ರೊಸಾಫ್ಟ್ ಆಕ್ಟಿವಿಜನ್ ಬ್ಲಿಜಾರ್ಡ್ ಅನ್ನು 6,870 ಕೋಟಿ ಡಾಲರ್‌ಗೆ ಕೊಂಡಿತು. ಅಲ್ಲಿ ಬಿಕರಿಯಾದದ್ದು ಮುಖ್ಯವಾಗಿ 'ಕಾಲ್ ಆಫ್ ಡ್ಯೂಟಿ', 'ಕ್ಯಾಂಡಿ ಕ್ರಶ್' ಮುಂತಾದ ಆಟಗಳ ಹಕ್ಕು. ಮರುವರ್ಷದ ಜನವರಿಯಲ್ಲೇ ಅದೇ ಮೈಕ್ರೊಸಾಫ್ಟ್ ಗೇಮ್ ವಿಭಾಗದ 1,900 ಮಂದಿಯನ್ನು ಮನೆಗೆ ಕಳಿಸಿತು. ಹಕ್ಕು ಉಳಿಯಿತು, ಆಳು ಹೋದರು. ಧಾರವಾಡ ಸೀಮೆಯ ರೈತನಿಗೆ ಈ ಭೇದವನ್ನು ಬಿಡಿಸಿ ಹೇಳಬೇಕಿಲ್ಲ: ಕೂಲಿಗೆ ಹೋದವನಿಗೆ ಆ ದಿನದ ಪಗಾರ, ಪಾಲಿಗೆ ಮಾಡಿದವನಿಗೆ ರಾಶಿಯಲ್ಲಿ ಪಾಲು. ರಾಕ್‌ಸ್ಟಾರ್‌ನ 'ಗ್ರ್ಯಾಂಡ್ ಥೆಫ್ಟ್ ಆಟೊ 5' ಬಿಡುಗಡೆಯಾದದ್ದು 2013ರಲ್ಲಿ. ಈವರೆಗೆ 20 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ. ಆ ರಾಶಿ ಇನ್ನೂ ಮುಗಿದಿಲ್ಲ.

ಕೋವಿಡ್ ನಂತರ ಜಾಗತಿಕ ಮಾರುಕಟ್ಟೆಯ ಓಟ ನಿಧಾನಿಸಿತು. ನ್ಯೂಜೂ ಸಂಸ್ಥೆಯ ಅಂದಾಜಿನಂತೆ 2023ರ ವಹಿವಾಟು ಸುಮಾರು 18,400 ಕೋಟಿ ಡಾಲರ್, ಬೆಳವಣಿಗೆ ಶೇ 1ಕ್ಕೂ ಕಡಿಮೆ. ಇದರಲ್ಲಿ ಹತ್ತಿರಹತ್ತಿರ ಅರ್ಧ ಮೊಬೈಲ್ ಆಟಗಳದು. ಕೋವಿಡ್ ಕಾಲದ ಬೇಡಿಕೆ ನೋಡಿ ಸೇರಿಸಿಕೊಂಡ ಸಿಬ್ಬಂದಿ ಕಂಪನಿಗಳಿಗೆ ಹೊರೆಯಾದರು. 2021ರಲ್ಲಿ ಆ್ಯಪಲ್ ತಂದ ಖಾಸಗಿತನದ ನಿಯಮದಿಂದ ಜಾಹೀರಾತಿನ ಮೂಲಕ ಹೊಸ ಆಟಗಾರರನ್ನು ಸೆಳೆಯುವುದು ದುಬಾರಿಯಾಯಿತು. ಇಂಥ ಕಾಲದಲ್ಲಿ ಕತ್ತರಿ ಮೊದಲು ಬೀಳುವುದು ಗುತ್ತಿಗೆ ಕೆಲಸದ ಮೇಲೆ ಎಂಬುದು ನನ್ನ ವಾದ.

ನಮ್ಮ ದೇಶದಲ್ಲಿ ಬಂಡವಾಳ ಬಹುಕಾಲ ರಮ್ಮಿ, ಫ್ಯಾಂಟಸಿ ಕ್ರಿಕೆಟ್‌ನಂಥ ಹಣದ ಆಟಗಳತ್ತ ಹರಿಯಿತು. 2023ರ ಅಕ್ಟೋಬರ್‌ನಿಂದ ಇವುಗಳ ಮೇಲೆ ಶೇ 28 ಜಿಎಸ್‌ಟಿ ಬಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಆನ್‌ಲೈನ್ ಹಣದ ಆಟಗಳನ್ನೇ ನಿಷೇಧಿಸಿ, ಇ-ಸ್ಪೋರ್ಟ್ಸ್ ಮತ್ತು ಸಾಮಾನ್ಯ ಆಟಗಳನ್ನು ಬೇರೆಯಾಗಿ ಗುರುತಿಸಿತು. ಜೂಜನ್ನೂ ಆಟವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಗೊಂದಲ ಇಷ್ಟರಮಟ್ಟಿಗೆ ಕಡಿಮೆಯಾದದ್ದು ಒಳ್ಳೆಯದೇ.

ಹುಬ್ಬಳ್ಳಿ-ಧಾರವಾಡ ಈ ಉದ್ಯಮಕ್ಕೆ ಯಾವ ಬಾಗಿಲಿನಿಂದ ಪ್ರವೇಶಿಸಬೇಕು? ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯವಿದೆ. ಧಾರವಾಡದ ಐಐಐಟಿ, ಐಐಟಿಗಳು ಕ್ರಮವಾಗಿ 2015, 2016ರಲ್ಲಿ ಆರಂಭವಾದವು. ನವೋದ್ಯಮಗಳಿಗೆ ದೇಶಪಾಂಡೆ ಪ್ರತಿಷ್ಠಾನದ ಆಸರೆಯಿದೆ. ಚಿತ್ರಕಲೆಗೆ ಡಿ.ವಿ. ಹಾಲಭಾವಿಯವರ ಪರಂಪರೆ, ಸಂಗೀತಕ್ಕೆ ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರರ ಊರುಗಳಿವು. ಕೋಡು, ಚಿತ್ರ, ನಾದ ಮೂರೂ ಬೇಡುವ ಕಲೆಗೆ ಇದು ಸಣ್ಣ ಬಂಡವಾಳವಲ್ಲ. ಪಗಾರ, ಬಾಡಿಗೆ ಬೆಂಗಳೂರಿಗಿಂತ ಕಡಿಮೆ. ಈ ಉಳಿತಾಯವನ್ನು ಅಗ್ಗದ ಗುತ್ತಿಗೆಯಾಗಿ ಮಾರಬಹುದು. ಅಥವಾ ಸ್ವಂತ ಆಟ ಮುಗಿಯುವವರೆಗೆ ತಾಳಿಕೊಳ್ಳುವ ಶಕ್ತಿಯಾಗಿ ಬಳಸಬಹುದು. ಪುಣೆಯ ಸಣ್ಣ ತಂಡವೊಂದು ಎರಡನೆಯ ದಾರಿ ಹಿಡಿದು 2020ರಲ್ಲಿ 'ರಾಜಿ' ಎಂಬ ಆಟವನ್ನು ನಿಂಟೆಂಡೊ ಸ್ವಿಚ್‌ಗೆ ತಂದಿತು. ಇಂಥ ಸಣ್ಣ ತಂಡಗಳಿಗೆ ಅನುಕೂಲವಾಗುವಂತೆ ಗೂಗಲ್ ಪ್ಲೇ ಕೂಡ 2021ರಲ್ಲಿ ವರ್ಷದ ಮೊದಲ 10 ಲಕ್ಷ ಡಾಲರ್ ಗಳಿಕೆಯ ಮೇಲೆ ತಾನು ಮುರಿದುಕೊಳ್ಳುವ ಪಾಲನ್ನು ಶೇ 15ಕ್ಕೆ ಇಳಿಸಿತು.

ರಾಜ್ಯದ 2024-29ರ ಎವಿಜಿಸಿ-ಎಕ್ಸ್‌ಆರ್ (ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್, ವಿಸ್ತೃತ ವಾಸ್ತವ) ನೀತಿ 30,000 ಉದ್ಯೋಗಗಳ ಗುರಿ ಇಟ್ಟಿದೆ. ಉದ್ಯೋಗದ ಎಣಿಕೆಯೊಂದೇ ಅಳತೆಯಾದರೆ ಧ್ರುವದ ಕತೆ ಇಲ್ಲಿಯೂ ಮರುಕಳಿಸುತ್ತದೆ. ಈ ನೀತಿಯಡಿ ಅವಳಿನಗರಕ್ಕೆ ಬರುವ ನೆರವಿನ ಒಂದು ಭಾಗವನ್ನಾದರೂ, ತಾವು ಮಾಡಿದ ಆಟದ ಹಕ್ಕನ್ನು ತಮ್ಮಲ್ಲೇ ಉಳಿಸಿಕೊಳ್ಳುವ ಸ್ಥಳೀಯ ತಂಡಗಳಿಗೆ ಸರ್ಕಾರ ಮೀಸಲಿಡಬೇಕು.